ಜಲಗಂಡದ ಜಾತಕ

“ಈ ಹುಡುಗಿದು ನಿಮ್ಮ ಸಿಯಾಗಿಂತ ಕಷ್ಟದ ಜಾತಕ” ಎಂದು ಜಗನ್ನಾಥ ಅಂಕಲ್ ಕನ್ನಡಕವನ್ನು ಹಣೆಗೇರಿಸಿದರು.

ವಿನಿತಾ ಕುರ್ಚಿಯ ತುದಿಗೆ ಸರಿದಳು. ಮಗಳದೊಂದೇ ಸಾಲದು ಎಂಬಂತೆ ಈಗ ಮಗಳ ಗೆಳತಿಯದೂ! ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನ ಕನ್ನಡದವರು ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಲಿ, ತೋರಣ ಕಟ್ಟಲಿ, ಮೊದಲು ಕಾರು ನಿಲ್ಲಿಸುವುದು ಅಂಕಲ್ ಮನೆಯ ಡ್ರೈವ್‌ವೇಯಲ್ಲೇ. ಮನುಷ್ಯ ಬಂಗಾರ, ಬಾಯಿಂದ ಬರುವ ಭವಿಷ್ಯ ಮಾತ್ರ ಬರೀ ಹಾಗಲಕಾಯಿ. ಸಿಯಾಳ ನಾಮಕರಣದ ದಿನವೇ “ಮಗುಗೆ ಜಲಗಂಡ ಇದೆ, ನೀರಿನಿಂದ ದೂರ ಇಡಿ” ಎಂದವರು ಇವರು. ಅಂದಿನಿಂದ ವಿನಿತಾ ಮಗಳನ್ನು ಬಡಾವಣೆಯ ಕೊಳದ ಬಾತುಕೋಳಿಗಳ ಹತ್ತಿರವೂ ಬಿಟ್ಟವಳಲ್ಲ. ಶಾಲೆಯವರು ಈಜು ಕಲಿಸಿದಾಗ ಟವೆಲ್ ಹಿಡಿದು ಪೂಲಿನ ಅಂಚಿನಲ್ಲಿ ಕೂತು, ಬಾಯಿ ನೋಯುವಷ್ಟು ಜಪ ಮಾಡಿದ್ದಳು.

ಅಂಥ ಹುಡುಗಿ ಕಾಲೇಜು ಮುಗಿಸಿ ಹಿಡಿದ ಕೆಲಸ ಹಾಯಿಹಡಗಿನಲ್ಲಿ! ‘ಲಿಟಲ್ ಹೆರಾನ್’ ಎಂಬುದು ಹತ್ತೊಂಬತ್ತನೇ ಶತಮಾನದ ನೌಕಾಪಡೆಯ ಒಂದು ಪುಟ್ಟ ಹಡಗು. ಅದೇ ಅಳತೆಯಲ್ಲಿ, ಅದೇ ಹೆಸರಿನಲ್ಲಿ ಮ್ಯೂಸಿಯಂನವರು ಹೊಸದೊಂದನ್ನು ಕಟ್ಟಿಸಿದ್ದರು. ಅದು ಶನಿವಾರ ಶಿಕಾಗೋದಿಂದ ಹೊರಟು ದೊಡ್ಡ ಸರೋವರಗಳನ್ನು ಸುತ್ತಿ ಡೆಟ್ರಾಯಿಟ್ ಸೇರಬೇಕು. ಹಾಯಿಯ ಹಗ್ಗ ಎಳೆಯುವವರಲ್ಲಿ ಸಿಯಾಳೂ ಒಬ್ಬಳು. “ನೀನು ಅಳ್ತಾ ಇದ್ರೆ ನಾನು ಹೋಗಲ್ಲ ಅಮ್ಮ” ಎಂದಿದ್ದಳು. ಅಳದೆ ಇರುವುದು ವಿನಿತಾಳ ಕೈಲಿರಲಿಲ್ಲ. ಏನಾದರೂ ಶಾಂತಿ, ಪರಿಹಾರ ಇದೆಯೇ ಎಂದು ಕೇಳಲು ಮಗಳನ್ನು ಕರೆದುಕೊಂಡು ಬಂದರೆ, ಅವಳು ಬ್ಯಾಗಿನಿಂದ ಇನ್ನೊಂದು ಕುಂಡಲಿ ತೆಗೆದು, “ಇವಳೂ ನನ್ನ ಜೊತೆ ಬರ್ತಾಳೆ, ನೋಡಿ ಅಂಕಲ್” ಎಂದು ಮುಂದಿಟ್ಟಿದ್ದಳು. ಅದರಲ್ಲಿ ಹೆಸರಿಲ್ಲ, ಇಸವಿಯಿಲ್ಲ. “ಅದೆಲ್ಲ ಯಾಕೆ ಪುಟ್ಟಾ? ಕುಂಡಲಿ ಇದ್ರೆ ಮನುಷ್ಯನೇ ಎದುರಿಗೆ ಕೂತ ಹಾಗೆ” ಎಂದು ಅಂಕಲ್ ಗತ್ತಿನಿಂದ ಎತ್ತಿಕೊಂಡಿದ್ದರು.

“ಅಷ್ಟಮದಲ್ಲಿ ಚಂದ್ರ, ಜೊತೆಗೆ ರಾಹು. ಜಲಗಂಡ ಎದ್ದು ಕಾಣ್ತಾ ಇದೆ. ಆಯಸ್ಸೂ ಗಟ್ಟಿ ಇಲ್ಲ” ಎಂದರು ಈಗ. “ಆ ಹುಡುಗಿಗೆ ಹೇಳು, ಹಡಗು ಹಾಳಾಗ್ಲಿ, ಬಾತ್‌ಟಬ್ಬಿಗೂ ಇಳೀಬಾರದು. ಬಕೆಟ್ಟಲ್ಲೇ ಸ್ನಾನ ಮಾಡ್ಲಿ.”

“ಬಕೆಟ್ಟಲ್ಲಿ ಆಗಲ್ಲ ಅಂಕಲ್” ಎಂದಳು ಸಿಯಾ. “ಅವಳು ಎಂಬತ್ತು ಅಡಿ ಉದ್ದ ಇದಾಳೆ.”

ಅಂಕಲ್ ಕುಂಡಲಿಯನ್ನು ತಿರುಗಿಸಿ ಹಿಂಬದಿ ನೋಡಿದರು.

“ಅದು ಹಳೇ ಲಿಟಲ್ ಹೆರಾನ್‌ದು. ಫಸ್ಟ್ ಟೈಮ್ ನೀರಿಗೆ ಬಿಟ್ಟಿದ್ದು ಎಷ್ಟು ಗಂಟೆಗೆ ಅಂತ ಆಗಿನ ನ್ಯೂಸ್‌ಪೇಪರಲ್ಲಿ ಇತ್ತು. ಜಾತಕದ ಆ್ಯಪ್‌ಗೆ ಹಾಕಿದೆ. ಸಾರಿ ಅಂಕಲ್.”

ಅಂಕಲ್ ಇಂಗು ತಿಂದ ಮಂಗನಂತಾದರು. ವಿನಿತಾ ಮಗಳನ್ನು ಬೈಯಬೇಕಿತ್ತು. ಹಿರಿಯರ ಜೊತೆ ಹುಡುಗಾಟವೇ? ಆದರೆ ಅವಳ ಬಾಯಿಂದ ಬಂದದ್ದೇ ಬೇರೆ. “ಆ ಹಡಗು... ಮುಳುಗಿಹೋಯ್ತಾ?”

“ಇಲ್ಲಮ್ಮ.” ಸಿಯಾ ತಾಯಿಯ ಹತ್ತಿರ ಸರಿದು ಕೂತಳು. “ನೇವಿಲಿ ಮೂವತ್ತು ವರ್ಷ ಕೆಲಸ ಮಾಡ್ತು. ಇದ್ದಿದ್ದು ಮೂರೇ ಫಿರಂಗಿ. ಅದನ್ನೇ ಇಟ್ಕೊಂಡು ಸಮುದ್ರದಲ್ಲಿ ಪೈರೇಟ್ಸ್‌ನ ಓಡಿಸ್ತು. ಆಮೇಲೆ ಲೇಕ್‌ಗಳ ಆಳ ಅಳೆಯೋ ಡ್ಯೂಟಿ ಹಾಕಿದ್ರು. ಒಂದ್ಸಲ ಬಿರುಗಾಳಿಲಿ ದೊಡ್ಡ ಸ್ಟೀಮರ್ ಮುಳುಗ್ತಾ ಇದ್ದಾಗ, ಇದೇ ಹೋಗಿ ಜನರನ್ನ ಎತ್ತಿಕೊಂಡು ಬಂತು. ವಯಸ್ಸಾಯ್ತು ಅಂತ ನೇವಿಯವರು ಮಾರಿಬಿಟ್ರು. ಒಬ್ಬ ರೈತ ಹಲಗೆ ಎಲ್ಲ ಬಿಚ್ಚಿ ದನದ ಕೊಟ್ಟಿಗೆ ಕಟ್ಟಿಕೊಂಡ.”

“ಅಂದ್ರೆ ಕೊನೆಗಾಲ ಒಣನೆಲದ ಮೇಲೆ?”

“ಹೂಂ. ಹಸುಗಳ ಜೊತೆ.”

ವಿನಿತಾಳಿಗೆ ನಗು ಬಂತು. ಸೆರಗಿಲ್ಲದ ಚೂಡಿದಾರದಲ್ಲಿ ಮುಚ್ಚಿಕೊಳ್ಳಲು ಏನೂ ಸಿಗದೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದ ಹಾಗಿತ್ತು. ಅದನ್ನು ಕಂಡು ಅಂಕಲ್ ಕೆಮ್ಮಿದರು. “ಈಗ ಹೋಗ್ತಿರೋದು ಹೊಸ ಹಡಗು. ಅಂದ್ರೆ ಪುನರ್ಜನ್ಮ. ಅದನ್ನ ನೀರಿಗೆ ಬಿಟ್ಟ ಟೈಮ್ ಸ್ವಲ್ಪ ಹೇಳಿದ್ರೆ...”

“ಬೇಡ ಅಂಕಲ್” ಎಂದಳು ವಿನಿತಾ ಕಣ್ಣೊರೆಸಿಕೊಳ್ಳುತ್ತ. “ಕಾಫಿ ಮಾಡ್ತೀನಿ, ಕುಡಿಯೋಣ.” ಅದು ಅಂಕಲ್ ಮನೆ ಎಂಬುದೂ ಅವಳಿಗೆ ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಶಿಕಾಗೋದ ದಕ್ಕೆಗೆ ಅಂಕಲ್ಲೂ ಬಂದರು. ಒಂದು ಕೈಯಲ್ಲಿ ಪುಳಿಯೋಗರೆಯ ಡಬ್ಬಿ, ಇನ್ನೊಂದರಲ್ಲಿ ತಾವೇ ಮಂತ್ರಿಸಿದ ಕೆಂಪು ದಾರ. ಎರಡನ್ನೂ ವಿನಿತಾಳಿಗೆ ಕೊಟ್ಟು, ನೀರಿನಿಂದ ಸಾಕಷ್ಟು ದೂರದಲ್ಲಿ ನಿಂತುಕೊಂಡರು. ಹೊರಡುವ ಮುಂಚೆ ಸಿಯಾ ಜಗಳವಾಡದೆ ಮಣಿಕಟ್ಟು ಚಾಚಿದಳು. ವಿನಿತಾ ಅದನ್ನು ದಾಟಿ ಹೋಗಿ, ಹಡಗಿನ ಅಂಚಿನ ಕಂಬಿಗೆ ದಾರ ಸುತ್ತತೊಡಗಿದಳು.

“ಅಮ್ಮ, ಅದು ನನಗಲ್ವಾ?”

“ನಿನಗೆ ಲೈಫ್ ಜಾಕೆಟ್ ಕೊಟ್ಟಿದಾರಲ್ಲ” ಎಂದಳು ವಿನಿತಾ. “ಪಾಪ, ಇವಳಿಗೆ ಯಾರಿದಾರೆ?”

ದೂರದಿಂದಲೇ ಅಂಕಲ್ ಕೂಗಿದರು: “ಎರಡು ಗಂಟು ಹಾಕು ವಿನಿತಾ! ಮೂವತ್ತು ವರ್ಷ ಓಡಬೇಕು ಅದು!”