ಎರಡೂವರೆ ಪಟ್ಟು

ಯಾರ ಮನೆಯ ಮದುವೆಯ ಪಂಕ್ತಿಯಲ್ಲಿ ಕೂತರೂ ಭೌತಶಾಸ್ತ್ರದ ಮೇಷ್ಟ್ರು ಹೆಂಡತಿಯ ಎಲೆ ತೋರಿಸಿ ಅದೇ ಪಾಠ ಒಪ್ಪಿಸುತ್ತಿದ್ದರು.

“ಶನಿಗ್ರಹಕ್ಕೆ ಹೋದ್ರೂ ಇವಳು ಹೆಚ್ಚುಕಮ್ಮಿ ಇಷ್ಟೇ ತೂಗ್ತಾಳೆ. ಗುರುಗ್ರಹದಲ್ಲಿ ಮಾತ್ರ ಎರಡೂವರೆ ಪಟ್ಟು. ಅಲ್ಲಿ ಊಟಕ್ಕೆ ಕೂತಳು ಅಂದ್ರೆ ಎಬ್ಬಿಸೋಕೆ ಕ್ರೇನೇ ಬೇಕು.”

ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಹೆಂಡತಿ ನಾಗವೇಣಿಯೂ ತಲೆ ತಗ್ಗಿಸಿ ನಗುತ್ತಿದ್ದಳು.

ಈಗ ಲಕ್ವ ಹೊಡೆದು ಮೇಷ್ಟ್ರ ಕೈಕಾಲು ಬಿದ್ದುಹೋಗಿ ಆರು ತಿಂಗಳು. ಎತ್ತಿ ಕೂರಿಸುವುದು, ಒರೆಸುವುದು, ಉಣಿಸುವುದು ಎಲ್ಲ ಅವಳದೇ. ಹೆಂಡತಿ ಅಂದ್ರೆ ಹೀಗಿರಬೇಕು ಎಂದು ನೆಂಟರು ಹೊಗಳಿದಾಗ ಮೇಷ್ಟ್ರ ಕಣ್ಣು ತುಂಬಿ ಬರುತ್ತಿತ್ತು.

ಅವತ್ತು ಅವಳು ರೇಷ್ಮೆ ಸೀರೆ ಉಟ್ಟು ತಂಗಿಯ ಮಗಳ ಮದುವೆಗೆ ಹೊರಟಿದ್ದಳು.

“ನೀರು,” ಎಂದು ಮೇಷ್ಟ್ರು ತೊದಲಿದರು.

ಅವಳು ಲೋಟ ತುಂಬಿ ತಂದು ಅವರ ಕೈ ಪಕ್ಕದ ಸ್ಟೂಲಿನ ಮೇಲಿಟ್ಟಳು. ಮೇಷ್ಟ್ರು ಕೈ ಎತ್ತಲು ನೋಡಿದರು. ಬೆರಳೂ ಅಲುಗಲಿಲ್ಲ.

“ಕುಡಿಸು.”

“ಕೈ ಭಾರ ಆಯ್ತೇನ್ರೀ?” ಅವಳು ಸೆರಗು ಸರಿಮಾಡಿಕೊಂಡು ಬೀಗದ ಕೈ ತೆಗೆದುಕೊಂಡಳು. “ಇದು ಗುರುಗ್ರಹ ಅಂತ ತಿಳ್ಕೊಳ್ಳಿ. ಊಟ ಮುಗಿಸ್ಕೊಂಡು ಬರುವಾಗ ಕ್ರೇನ್ ತರ್ತೀನಿ.”