ಮಧ್ಯಾಹ್ನ ಮೂರರ ಪರೀಕ್ಷೆ

ಪೆನ್ನು ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಹೊಲಿಗೆಯಕ್ಕ ಬಗ್ಗಲಿಲ್ಲ.

ಬಗ್ಗದಿರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಮೂವತ್ತು ವರ್ಷ ಬಿದ್ದ ಸೂಜಿ, ಗುಂಡಿ, ಕತ್ತರಿಗಳನ್ನು ಎತ್ತಿಕೊಂಡೇ ಬದುಕಿದ ಜೀವ. ಆದರೂ ಕುರ್ಚಿಯಲ್ಲಿ ಕಂಬದಂತೆ ಕುಳಿತಳು.

“ಅಮ್ಮಾ, ಆ ಪೆನ್ನು ಸ್ವಲ್ಪ ಎತ್ಕೊಡ್ತೀರಾ?” ಎಂದ ಮೇಜಿನಾಚೆಯ ಅಧಿಕಾರಿ.

“ಆಗಲ್ಲ ಸರ್. ಬೆರಳು ಬಗ್ಗಲ್ಲ.”

ಅಧಿಕಾರಿಯ ಮುಖ ಸಪ್ಪಗಾಯಿತು. ಬಲೆಗೆ ಬೀಳಲಿಲ್ಲವಲ್ಲ ಎಂಬ ಹೊಟ್ಟೆಯುರಿ ಇರಬೇಕು ಎಂದುಕೊಂಡಳು.

ಈ ಮನುಷ್ಯನ ವಿಷಯ ತಂಗಿ ಮೊದಲೇ ಹೇಳಿದ್ದಳು. ತಂಗಿಗೆ ಹೇಳಿದ್ದು ಹೊರಗಿನ ಬೆಂಚಿನ ಮೇಲೆ ಕಾದು ಕಾದು ಸವೆದವರು. ಅಂಗವಿಕಲರ ಮಾಸಾಶನದ ಅರ್ಜಿ ನೋಡುವ ಈ ಅಧಿಕಾರಿಗೆ ಅವರು ಇಟ್ಟ ಹೆಸರು ಹದ್ದು.

“ಅವ್ನು ಮಾತಾಡ್ತಾ ಮಾತಾಡ್ತಾನೇ ಪರೀಕ್ಷೆ ಮಾಡ್ತಾನಂತೆ ಕಣಕ್ಕಾ. ಪೆನ್ನು ಬೀಳಿಸ್ತಾನಂತೆ. ನೀರಿನ ಬಾಟ್ಲಿ ಮುಚ್ಚಳ ತೆಗೆದುಕೊಡಿ ಅಂತಾನಂತೆ. ತೆಗೆದ್ಯೋ, ಅರ್ಜಿ ಗೋವಿಂದ! ಏನು ಕೇಳಿದ್ರೂ ಆಗಲ್ಲ ಅನ್ನು, ಅಷ್ಟೇ.”

ಹೊಲಿಗೆಯಕ್ಕನಿಗೆ ಸಂಧಿವಾತ. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಬೆಳಿಗ್ಗೆ ಎದ್ದರೆ ಹತ್ತೂ ಬೆರಳು ಸೆಟೆದುಕೊಂಡಿರುತ್ತವೆ, ತಲೆ ಬಾಚಲು ತಂಗಿ ಬೇಕು. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಎಂಟು ತಿಂಗಳಾಯಿತು. ಆದರೆ ಈ ಕಾಯಿಲೆಗೆ ಮಾನ ಮರ್ಯಾದೆ ಎಂಬುದಿಲ್ಲ. ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಬೆರಳುಗಳು ಸಡಿಲಾಗಿ, ಏನೂ ಆಗೇ ಇಲ್ಲವೆಂಬಂತೆ ಒಡತಿಯ ಮಾನ ಕಳೆಯಲು ನಿಲ್ಲುತ್ತವೆ. ಹದ್ದು ಎಲ್ಲರನ್ನೂ ಒಳಗೆ ಕರೆಯುವುದು ಸರಿಯಾಗಿ ಮೂರು ಗಂಟೆಗೆ. ಬೆಳಗಿನ ಹೊತ್ತು ಒಂದು ನೊಣವನ್ನೂ ಬಿಟ್ಟುಕೊಳ್ಳುವುದಿಲ್ಲ. ಎಂಥ ಕಿಲಾಡಿ!

ಇದು ಅವಳ ಮೂರನೆಯ ಭೇಟಿ. ಹಿಂದಿನ ಎರಡು ಸಲವೂ ‘ಮುಂದಿನ ವಾರ ಬನ್ನಿ’ ಎಂದು ಅಟ್ಟಿದ್ದ. ಮೂರು ವಾರದಿಂದ ಆ ಕೋಣೆಯಿಂದ ಯಾರ ಅರ್ಜಿಯೂ ಹೊರಬಿದ್ದಿಲ್ಲ ಎಂದು ಬೆಂಚಿನವರು ಶಾಪ ಹಾಕುತ್ತಿದ್ದರು. ಅರ್ಜಿ ಬಿದ್ದುಹೋದರೆ ಮತ್ತೆ ಹಾಕಲು ಒಂದು ವರ್ಷ ಕಾಯಬೇಕು. ಇನ್ನೊಂದು ವರ್ಷ ತಂಗಿಯ ಗಂಡನ ಮನೆಯಲ್ಲಿ ಕೂತು ಉಣ್ಣುವುದನ್ನು ನೆನೆದರೇ ಅವಳು ಅರ್ಧ ಊಟಕ್ಕೆ ಎದ್ದುಬಿಡುತ್ತಿದ್ದಳು. ಅವನೇನೋ ಒಳ್ಳೆಯವನೇ. ಅದಕ್ಕೇ ಇನ್ನಷ್ಟು ಸಂಕಟ.

ಅಧಿಕಾರಿ ಕುರ್ಚಿಗೊರಗಿ ಎರಡೂ ಕೈ ಜೇಬಿಗಿಳಿಸಿದ. ಗತ್ತೋ ಗತ್ತು. ಅಂಗಿಯೂ ಅಂಥದ್ದೇ. ಅವಳ ಕಸುಬಿನ ಕಣ್ಣಿಗೆ ಅದು ತಪ್ಪಲಿಲ್ಲ: ಗುಂಡಿಗಳೆಲ್ಲ ಬರೀ ತೋರಿಕೆಗೆ, ಕಾಜವೇ ಇಲ್ಲ, ಒಳಗೆ ಒತ್ತಿದರೆ ಅಂಟಿಕೊಳ್ಳುವ ಪಟ್ಟಿ. ಶೋಕಿಗೂ ಒಂದು ಮಿತಿ ಬೇಡವೇ?

“ನಿಮ್ಮ ಫೈಲು ಇಲ್ಲೇ ಇದೆ. ದಾರ ಒಂಚೂರು ಬಿಚ್ಚಿ.”

ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಅವಳ ಕೈ ತುರಿಸಿತು. ಆ ಕೈಯನ್ನು ಸೆರಗಿನೊಳಗೆ ಅಡಗಿಸಿದಳು.

“ಆಗಲ್ಲ ಸರ್.”

“ಹೋಗ್ಲಿ. ಈ ಮುಚ್ಚಳ? ಜವಾನ ರಜೆ, ಬೆಳಿಗ್ಗೆಯಿಂದ ನೀರು ಕುಡಿದಿಲ್ಲ.”

“ಆಗಲ್ಲ ಸರ್.”

ಅವನು ಬಾಟಲಿಯನ್ನೇ ಆಸೆಯಿಂದ ನೋಡಿ ಉಗುಳು ನುಂಗಿದ. ನಾಟಕದ ಕಂಪನಿ ಸೇರಬೇಕಿತ್ತು ಈ ಆಸಾಮಿ, ಸರ್ಕಾರಿ ಕೆಲಸಕ್ಕೆ ಯಾಕೆ ಬಂದನೋ.

“ಬಿಸಿನೀರಲ್ಲಿ ಇಟ್ಟರೆ ಕಾಲು ಗಂಟೆ ಹಾಯಾಗಿರುತ್ತೆ, ಅಲ್ವಾ? ಆಮೇಲೆ ಮತ್ತೆ ಶುರು.”

“ಹೌ…” ಎಂದವಳು ನಾಲಿಗೆ ಕಚ್ಚಿಕೊಂಡಳು. ಕಾಯಿಲೆಯ ಒಳಗುಟ್ಟನ್ನೆಲ್ಲ ಓದಿಕೊಂಡೇ ಕೂತಿದ್ದಾನೆ! “ಆಗಲ್ಲ ಸರ್.”

“ಅದು ಪ್ರಶ್ನೆ ಅಮ್ಮಾ.”

“ಅದೂ ಆಗಲ್ಲ ಸರ್.”

ಅಧಿಕಾರಿ ನಿಟ್ಟುಸಿರು ಬಿಟ್ಟ. ಗಡಿಯಾರ ನೋಡಿದ. ಬಿದ್ದ ಪೆನ್ನಿನ ಕಡೆ ನೋಡಿದ.

“ಮುಂದಿನ ವಾರ ಬಂದುಬಿಡಿ.”

ಅಲ್ಲಿಗೆ ಹೊಲಿಗೆಯಕ್ಕನ ತಾಳ್ಮೆಯ ಕಟ್ಟೆ ಒಡೆಯಿತು.

“ಏನ್ ಸರ್ ನಿಮ್ಮ ಆಟ? ನಾನೇನು ಕಳ್ಳಿನಾ? ಮೂವತ್ತು ವರ್ಷ ಊರಿಗೆಲ್ಲ ಹೊಲಿದುಕೊಟ್ಟೆ. ಈಗ ನನ್ನ ಬಟ್ಟೆ ಕೊಕ್ಕೆ ಹಾಕೋಕೆ ತಂಗೀನ ಕರೀಬೇಕು. ಹೊತ್ತಾರೆ ಎದ್ದರೆ ಈ ಕೈ ನಂದಲ್ಲ. ಚೊಂಬು ಹಿಡಿಯೋಕೆ ಬರಲ್ಲ, ಬೀಗ ತಿರುಗಿಸೋಕೆ ಬರಲ್ಲ. ನಾಚಿಕೆ ಆಗುತ್ತೆ, ಯಾರ ಮುಂದೂ ಹೇಳಲ್ಲ. ಮಧ್ಯಾಹ್ನ ಒಂದು ಗಳಿಗೆ ಸಡಿಲ ಆಗುತ್ತೆ, ಹೌದು, ಆಗುತ್ತೆ! ಅದಕ್ಕೇ ತಾನೆ ಮೂರು ಗಂಟೆಗೆ ಕರೆಯೋದು? ನೆಟ್ಟಗಿರೋ ಕೈಯವರಿಗೆ ನಮ್ಮ ಸಂಕಟ ಏನು ಗೊತ್ತಾಗಬೇಕು?”

ಹೇಳಿ ಮುಗಿಸಿದ ಮೇಲೆ ತಪ್ಪು ಹೊಳೆಯಿತು. ಸಡಿಲವಾಗುತ್ತೆ ಎಂದು ಬಾಯಿಬಿಟ್ಟಾಯಿತು. ತಂಗಿ ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾಳೆ.

ಅಧಿಕಾರಿ ಎದ್ದ. ಮೊಣಕೈಯಿಂದ ಬಾಗಿಲು ತಳ್ಳಿ ಮುಚ್ಚಿದ. ಹಿಂದಿರುಗಿ ಬಂದು, ಮೇಜಿನ ಮೇಲೆ ಬಗ್ಗಿ, ಫೈಲಿನ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದ.

ಹೊಲಿಗೆಯಕ್ಕ ಬಾಯಿಬಿಟ್ಟು ನೋಡಿದಳು. ಫೈಲು ತೆರೆದುಕೊಂಡಿತು. ಮೇಲಿನ ಹಾಳೆಯಲ್ಲಿ ‘ಮಾಸಾಶನ ಮಂಜೂರು ಮಾಡಲಾಗಿದೆ’ ಎಂದು ಟೈಪಾಗಿತ್ತು, ತಾರೀಖು ಎರಡು ವಾರದ ಹಿಂದಿನದು, ಅವಳು ಮೊದಲ ಸಲ ಬಂದ ದಿನದ್ದು. ಅದರ ಕೆಳಗಿನ ಜಾಗ ಖಾಲಿ.

“ಮೊದಲನೇ ದಿನವೇ ಒಪ್ಪಿಬಿಟ್ಟೆ ಅಕ್ಕಾ, ಆದ್ರೆ ಪೆನ್ನು ಹಿಡಿಯೋಕೆ ನನ್ನ ಬೆರಳೂ ಬಗ್ತಿಲ್ಲ, ಮೊದಲು ಮೂರು ಗಂಟೆಗೆ ಸಡಿಲ ಆಗ್ತಿತ್ತು, ಈಗ ಅದೂ ಇಲ್ಲ,” ಎಂದು ಪಿಸುಗುಟ್ಟುತ್ತ ಅಧಿಕಾರಿ ಗಂಟುಗಂಟಾದ ಕೈಗಳನ್ನು ಮೇಜಿನ ಮೇಲಿಟ್ಟ, “ನಿಮ್ಮದು ಈಗ ಸಡಿಲ ಇದೆ ಅಂದ್ರಲ್ಲ, ನನ್ನ ಕೈ ಹಿಡಿದು ಒಂದು ಸಹಿ ಹಾಕಿಸಿಬಿಡಿ, ಹೊರಗೆ ಮಾತ್ರ ಹೇಳಬೇಡಿ, ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ.”