ಬ್ಯಾಂಡ್ ಮಾಸ್ತರರ ಬೆನ್ನು

ಸರ್ವಮಂಗಳ ಮುಂದಿನ ಸಾಲಿನಲ್ಲಿ ಕುಳಿತಳು. ಅವಳ ಗಂಡ ವೀರಭದ್ರಯ್ಯ ಶಾಮಿಯಾನದ ಕೊನೆಯ ಕಂಬದ ಮರೆಯಲ್ಲಿ ನಿಂತ.

ಚಿಕ್ಕಪ್ಪನಿಗೆ ಜ್ವರ, ನೋಡಿಕೊಂಡು ಬರುತ್ತೇನೆ ಎಂದು ದಬ್ಬೇಘಟ್ಟದಿಂದ ಹೊರಟವಳು ಅವಳು. ತಿಪಟೂರಿನಲ್ಲಿ ಬಸ್ಸಿಳಿದವಳು ಚಿಕ್ಕಪ್ಪನ ಬೀದಿಯತ್ತ ತಿರುಗಿಯೂ ನೋಡದೆ ನೇರ ಈ ಮೈದಾನಕ್ಕೆ ಬಂದಿದ್ದಳು. ಮೈಮೇಲೆ ಧಾರೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ಜ್ವರ ನೋಡಲು ಹೋಗುವವರು ಹೀಗೆ ಸಿಂಗರಿಸಿಕೊಳ್ಳುವುದುಂಟೆ?

ಶಿವರಾತ್ರಿಯಿಂದೀಚೆಗೆ ಆ ಚಿಕ್ಕಪ್ಪನಿಗೆ ಪದೇ ಪದೇ ಜ್ವರ ಬರುತ್ತಿತ್ತು. ಇಂದು ವೀರಭದ್ರಯ್ಯ ಅವಳ ಹಿಂದೆ ಹೊರಟಾಗ ತಾಯಿ ದ್ರಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಹೆಂಡ್ತಿ ಹಿಂದಿಂದೆ ಹೋಗ್ತಾರೇನ್ಲಾ? ಹೆತ್ತೋರಿಲ್ಲದ ಹೆಣ್ಣು, ಹೋಗಿ ಬರ್ಲಿ ಬುಡು."

ಬ್ಯಾಂಡು ಎಂದರೆ ಮೆರವಣಿಗೆಯ ಮುಂದಿನ ಗದ್ದಲ ಎಂದೇ ಅವನು ತಿಳಿದಿದ್ದ. ಕೂತು ಕೇಳುವಂಥದ್ದನ್ನು ಕಂಡಿದ್ದು ಇದೇ ಮೊದಲು. ಜನರಿಗೆ ಬೆನ್ನು ಮಾಡಿ ನಿಂತಿದ್ದ ಕೆಂಪು ಕೋಟಿನ ಮಾಸ್ತರ ಕಡ್ಡಿ ಎತ್ತಿದ. ಹಿತ್ತಾಳೆ ತುತ್ತೂರಿಗಳೆಲ್ಲ ಒಟ್ಟಿಗೆ ಎದ್ದವು. ಮೊದಲ ಸ್ವರ ನೇರ ಎದೆಗೇ ಬಂದು ತಾಗಿತು. ಮೈಗೆ ಸುತ್ತಿಕೊಂಡ ದೊಡ್ಡ ಹಿತ್ತಾಳೆ ಕೊಳವೆಯೊಂದನ್ನು ಒಬ್ಬ ಊದಿದಾಗ ಕಾಲಡಿಯ ನೆಲವೇ ಅದುರಿತು. ಬೇಡವೆಂದರೂ ವೀರಭದ್ರಯ್ಯನ ಕಣ್ಣು ತುಂಬಿತು. ಇಷ್ಟು ಚೆಲುವಾದದ್ದನ್ನು ಮೋಸಹೋದ ಮನಸ್ಸಿನಲ್ಲಿ ಕೇಳಬೇಕಾಯಿತಲ್ಲ ಎಂದು ಇನ್ನಷ್ಟು ಉರಿಯಿತು.

ಸರ್ವಮಂಗಳ ಊದುವವರನ್ನು ನೋಡುತ್ತಿರಲಿಲ್ಲ. ಮಾಸ್ತರನ ಬೆನ್ನಿನಿಂದ ಅವಳ ಕಣ್ಣು ಕದಲಲೇ ಇಲ್ಲ. ಗಂಡನಾದ ತನ್ನನ್ನು ಅವಳು ಒಂದು ದಿನವೂ ಹಾಗೆ ನೋಡಿರಲಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ಅವಳು ವೇದಿಕೆ ಹತ್ತಿ ಮಾಸ್ತರನ ಕೈ ಹಿಡಿದುಕೊಂಡಳು. ವೀರಭದ್ರಯ್ಯ ಜನರನ್ನು ತಳ್ಳಿಕೊಂಡು ನುಗ್ಗಿ ಅವಳ ರಟ್ಟೆ ಎಳೆದ. "ಯಾರೇ ಇವನು?"

ಮಾಸ್ತರ ತಿರುಗಿ ಟೋಪಿ ತೆಗೆದ. ತಲೆ ಪೂರ್ತಿ ನರೆತಿತ್ತು. ಮೂಗು, ಗಲ್ಲ ಸರ್ವಮಂಗಳಳದೇ.

"ನಮ್ಮಪ್ಪ ಕಣ್ರೀ," ಎಂದಳು.

"ನಿಮ್ಮಪ್ಪ ಸತ್ತೋಗಿಲ್ವಾ? ಚಿಕ್ಕಪ್ಪ ತಾನೇ ಧಾರೆ ಎರೆದಿದ್ದು? ಸುಳ್ಳು ಹೇಳಿ ನನ್ನ ಮದ್ವೆ ಆದ್ಯಾ?"

ಮುದುಕ ಕೈಮುಗಿದ. "ಅವಳನ್ನ ಬೈಬೇಡಿ ಅಳಿಯಂದ್ರೇ. ಹೆಣದ ಮುಂದೆ ಬ್ಯಾಂಡ್ ಊದೋನು ಬೀಗ ಅಂದ್ರೆ ನಮ್ಮ ಮಾನ ಹೋಗ್ತದೆ, ಸತ್ತೋದ ಅಂತ ಹೇಳೋದಾದ್ರೆ ಹೆಣ್ಣು ತಕಂತೀವಿ ಅಂದ್ರು. ಮಗಳು ಚೆನ್ನಾಗಿರ್ಲಿ ಅಂತ ಒಪ್ಕಂಡೆ."

"ಯಾರು ಹಂಗಂದೋರು?"

ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮವ್ವ."